ಅನುಭವವಿಲ್ಲದವನ ಅಧಿಕಾರ

ಕೆಲಸ ಕೇಳಿಕೊಂಡು ಬಂದವನನ್ನು ಬಾಗಿಲಲ್ಲೇ ನಿಲ್ಲಿಸಿ, ಇದೇ ಕೆಲಸವನ್ನು ಹಿಂದೆ ಎಷ್ಟು ವರ್ಷ ಮಾಡಿದ್ದೀಯೆ ಎಂದು ಕೇಳುವ ರೂಢಿ ಇಂದಿನ ಉದ್ಯೋಗ ಪ್ರಕಟಣೆಗಳಲ್ಲಿ ಎಷ್ಟು ಸಹಜವಾಗಿ ಹೋಗಿದೆಯೆಂದರೆ, ಅದರೊಳಗೆ ಬಹು ಹಳೆಯದೊಂದು ತಾತ್ತ್ವಿಕ ಪ್ರಶ್ನೆ ಇದೆಯೆಂಬುದು ಯಾರ ಗಮನಕ್ಕೂ ಬರುವುದಿಲ್ಲ. ಮಾಡದೆ ಅನುಭವ ಬರುವುದಿಲ್ಲ, ಅನುಭವ ಬರುವವರೆಗೆ ಮಾಡಗೊಡುವುದಿಲ್ಲ. ಹೀಗಿರುವಾಗ ಏನೂ ಅರಿಯದ ಹೊಸಬನಿಗೆ ಮೊದಲ ದಿನದ ಕೆಲಸದ ಮೇಲೆ ಹಕ್ಕು ಹುಟ್ಟುವುದು ಎಲ್ಲಿಂದ? ಈ ಪ್ರಶ್ನೆಗೆ ಅಂಟಿಕೊಂಡೇ ಇನ್ನೊಂದಿದೆ: ಒಳಗೆ ಬಂದವನು ಬಂದ ಜಾಗದಲ್ಲೇ ಮುದುಕನಾಗುವುದು ನ್ಯಾಯವೇ, ಅಥವಾ ಅವನನ್ನು ಒಳಗೆ ಕರೆದುಕೊಂಡವನಿಗೆ ಅವನನ್ನು ಬೆಳೆಸುವ ಹೊಣೆಯೂ ಇದೆಯೇ? ಭಾರತೀಯ ದರ್ಶನಗಳು ಈ ಎರಡನ್ನೂ ‘ಅಧಿಕಾರ’ ಎಂಬ ವಿಚಾರದ ಅಡಿಯಲ್ಲಿ ಚರ್ಚಿಸಿವೆ. ಇಲ್ಲಿ ಅಧಿಕಾರವೆಂದರೆ ಆಳುವ ಬಲವಲ್ಲ. ಒಂದು ಕರ್ಮವನ್ನು ಮಾಡಲು, ಅದರ ಫಲವನ್ನು ಪಡೆಯಲು ಒಬ್ಬನಿಗಿರುವ ಅರ್ಹತೆ.

ವೇದದ ಕರ್ಮಕಾಂಡವನ್ನು ವಿಚಾರಿಸುವ ಪೂರ್ವಮೀಮಾಂಸೆ ಈ ಅರ್ಹತೆಯನ್ನು ಬಹಳ ನಿಷ್ಠುರವಾಗಿ ಅಳೆಯಿತು. ಜೈಮಿನಿಯ ಸೂತ್ರಗಳ ಆರನೆಯ ಅಧ್ಯಾಯ ಇದಕ್ಕೇ ಮೀಸಲಾಗಿದೆ. ಮೀಮಾಂಸಕರ ಮತದಲ್ಲಿ ಯಜ್ಞಕ್ಕೆ ಅಧಿಕಾರಿಯಾಗಲು ಫಲದ ಬಯಕೆಯಿರಬೇಕು, ಮಾಡುವ ಸಾಮರ್ಥ್ಯವಿರಬೇಕು, ಬೇಕಾದ ವಿದ್ಯೆಯಿರಬೇಕು, ಶಾಸ್ತ್ರವು ಅವನನ್ನು ಹೊರಗಿಟ್ಟಿರಬಾರದು. ಬಯಕೆ, ಕಸುವು, ಕಲಿಕೆ ಈ ಮೂರನ್ನು ಇಂದಿನ ಯಾವ ಸಂಸ್ಥೆಯಾದರೂ ತನ್ನ ಅಭ್ಯರ್ಥಿಯಲ್ಲಿ ಹುಡುಕುತ್ತದೆ; ಆದರೆ ನಾಲ್ಕನೆಯದು ವ್ಯಕ್ತಿಯಲ್ಲಿ ಏನಿದೆಯೆಂದು ನೋಡದೆ ಅವನು ಎಲ್ಲಿ ಹುಟ್ಟಿದನೆಂದು ನೋಡುವಂಥದು. ಇದೇ ಕಾರಣಕ್ಕೆ ಶೂದ್ರನಿಗೆ ಯಜ್ಞಾಧಿಕಾರವಿಲ್ಲವೆಂದು ಮೀಮಾಂಸೆ ತೀರ್ಮಾನಿಸಿತು. ವಾದದ ದಾರಿಯೂ ಗಮನಿಸುವಂಥದು: ಉಪನಯನವಿಲ್ಲದ್ದರಿಂದ ಅವನಿಗೆ ವೇದಾಧ್ಯಯನವಿಲ್ಲ, ಅಧ್ಯಯನವಿಲ್ಲದ್ದರಿಂದ ವಿದ್ಯೆಯಿಲ್ಲ, ವಿದ್ಯೆಯಿಲ್ಲದ್ದರಿಂದ ಅಧಿಕಾರವಿಲ್ಲ. ಕಲಿಯಲು ಬಿಡದೆ ಇಟ್ಟು, ಕಲಿತಿಲ್ಲವೆಂಬುದನ್ನೇ ಅನರ್ಹತೆಯ ಕಾರಣವಾಗಿ ತೋರಿಸುವ ಈ ಚಕ್ರ, ಅನುಭವಿಗಳಿಗೆ ಮಾತ್ರ ಕೆಲಸ ಎನ್ನುವ ಪ್ರಕಟಣೆಯ ಚಕ್ರಕ್ಕಿಂತ ಹೆಚ್ಚು ಕ್ರೂರವಾದದ್ದು, ಏಕೆಂದರೆ ಇದರಿಂದ ಹೊರಬರಲು ಒಂದು ಜನ್ಮ ಸಾಲುತ್ತಿರಲಿಲ್ಲ.

ಆದರೆ ಅದೇ ಆರನೆಯ ಅಧ್ಯಾಯದಲ್ಲಿ ಈ ಚಕ್ರವನ್ನು ಮುರಿಯುವ ತರ್ಕವೂ ಇದೆ. ರಥಕಾರನು, ಅಂದರೆ ರಥ ಮಾಡುವ ಬಡಗಿ, ಮಳೆಗಾಲದಲ್ಲಿ ಅಗ್ನಿಯನ್ನು ಸ್ಥಾಪಿಸಬೇಕೆಂದು ಒಂದು ವಿಧಿ ಹೇಳುತ್ತದೆ. ರುದ್ರನಿಗೆ ಸಲ್ಲುವ ಒಂದು ಇಷ್ಟಿಯನ್ನು, ಅಂದರೆ ಚಿಕ್ಕ ಯಜ್ಞವನ್ನು, ನಿಷಾದಸ್ಥಪತಿಯಿಂದ ಮಾಡಿಸಬೇಕೆಂದು ಇನ್ನೊಂದು ವಿಧಿ ಹೇಳುತ್ತದೆ. ನಿಷಾದರು ಉಪನಯನವುಳ್ಳ ಮೂರು ವರ್ಣಗಳ ಹೊರಗಿನವರು. ರಥಕಾರನೂ ಹಾಗೆಯೇ ಎಂದು ಮೀಮಾಂಸಕರು ಒಪ್ಪಿದರು. ವಿಧಿಯಲ್ಲಿ ಹೇಳಿರುವ ಸ್ಥಪತಿಯು, ಅಂದರೆ ಒಡೆಯನು, ನಿಷಾದರನ್ನು ಆಳುವ ತ್ರೈವರ್ಣಿಕನಿರಬಹುದೆಂಬ ಸುಲಭದ ದಾರಿಯನ್ನು ಬಿಟ್ಟು, ಆತ ಸ್ವತಃ ನಿಷಾದನೇ ಎಂದು ಅವರು ನಿರ್ಣಯಿಸಿದರು. ಹಾಗಾದರೆ ವೇದವನ್ನೇ ಓದದ ಇವನು ಮಂತ್ರ ಹೇಳುವುದು ಹೇಗೆ? ಕರ್ಮವನ್ನು ವಿಧಿಸಿದ ವಾಕ್ಯವೇ ಆ ಕರ್ಮಕ್ಕೆ ಬೇಕಾದಷ್ಟು ಕಲಿಕೆಯನ್ನೂ ವಿಧಿಸಿದಂತಾಯಿತು, ಆದ್ದರಿಂದ ಅವನು ಅಷ್ಟನ್ನು ಕಲಿತು ಮಾಡತಕ್ಕದ್ದು ಎಂಬುದು ಅವರ ಉತ್ತರ. ಕೆಲಸವನ್ನು ಒಪ್ಪಿಸುವ ಮಾತಿನೊಳಗೆ ಕಲಿಯುವ ಹಕ್ಕು ತಾನಾಗಿಯೇ ಸೇರಿಕೊಂಡಿದೆ ಎಂಬ ಈ ತತ್ತ್ವವನ್ನು ಮೀಮಾಂಸಕರು ಎರಡು ವಿಶೇಷ ಪ್ರಸಂಗಗಳ ಆಚೆಗೆ ಬೆಳೆಸಲಿಲ್ಲ. ಬೆಳೆಸಬಹುದಿತ್ತು, ಬೆಳೆಸಬೇಕಾಗಿತ್ತು, ಏಕೆಂದರೆ ಎಲ್ಲಿಯೂ ಮೊದಲ ಸಲ ಕೆಲಸಕ್ಕೆ ನಿಲ್ಲುವವನ ಪಾಡು ಆ ನಿಷಾದನ ಪಾಡೇ ಆಗಿರುತ್ತದೆ.

ಇದೇ ಪ್ರಶ್ನೆ ಗ್ರೀಕರನ್ನೂ ಕಾಡಿತ್ತು. ಅರಿಸ್ಟಾಟಲನು ತನ್ನ ನೀತಿಶಾಸ್ತ್ರ ಗ್ರಂಥದ ಎರಡನೆಯ ಭಾಗದಲ್ಲಿ, ಮನೆ ಕಟ್ಟುತ್ತ ಕಟ್ಟುತ್ತಲೇ ಒಬ್ಬನು ಮನೆ ಕಟ್ಟುವವನಾಗುತ್ತಾನೆ, ನ್ಯಾಯದ ಕೆಲಸಗಳನ್ನು ಮಾಡುತ್ತಲೇ ನ್ಯಾಯವಂತನಾಗುತ್ತಾನೆ ಎಂದು ವಾದಿಸಿ, ಈಗಾಗಲೇ ನ್ಯಾಯವಂತನಲ್ಲದವನು ನ್ಯಾಯದ ಕೆಲಸ ಮಾಡುವುದು ಹೇಗೆಂಬ ಆಕ್ಷೇಪಕ್ಕೆ, ಇನ್ನೊಬ್ಬರ ಸೂಚನೆಯಂತೆ ಮಾಡುವುದಕ್ಕೂ ತನ್ನದೇ ತಿಳಿವಿನಿಂದ ಮಾಡುವುದಕ್ಕೂ ಇರುವ ಅಂತರವನ್ನು ತೋರಿಸಿದನು. ಮೊದಲನೆಯದರಿಂದ ಎರಡನೆಯದಕ್ಕೆ ನಡೆಯುವ ದಾರಿಯೇ ಕಲಿಕೆ.

ಈ ದಾರಿಯ ಅತ್ಯಂತ ಸುಂದರವಾದ ಚಿತ್ರ ಛಾಂದೋಗ್ಯ ಉಪನಿಷತ್ತಿನ ನಾಲ್ಕನೆಯ ಅಧ್ಯಾಯದಲ್ಲಿದೆ. ತನ್ನ ಗೋತ್ರ ಯಾವುದೆಂದು ತಿಳಿಯದ, ತಾಯಿ ಜಬಾಲೆಯ ಹೆಸರೊಂದನ್ನೇ ಹೊತ್ತು ಬಂದ ಸತ್ಯಕಾಮನನ್ನು ಹಾರಿದ್ರುಮತ ಗೌತಮನು ಅವನ ಸತ್ಯವನ್ನು ಮೆಚ್ಚಿ ಶಿಷ್ಯನನ್ನಾಗಿ ಸ್ವೀಕರಿಸುತ್ತಾನೆ. ಸ್ವೀಕರಿಸಿ ಕೊಡುವುದು ಪಾಠವನ್ನಲ್ಲ, ನಾನೂರು ಬಡಕಲು ಹಸುಗಳನ್ನು. ಪೂರ್ವಾನುಭವ ಬೇಡದ ಕೆಲಸವೆಂದರೆ ಇದೇ: ದನ ಕಾಯುವುದು. ಅವು ಸಾವಿರವಾಗದೆ ಹಿಂದಿರುಗುವುದಿಲ್ಲವೆಂದು ಹೊರಟ ಹುಡುಗ ವರ್ಷಗಟ್ಟಲೆ ಅವುಗಳ ಹಿಂದೆ ನಡೆಯುತ್ತಾನೆ, ಮಂದೆ ಸಾವಿರವಾದಾಗ ಹೋರಿಯೊಂದು ಅವನಿಗೆ ಬ್ರಹ್ಮದ ಒಂದು ಪಾದವನ್ನು ಹೇಳುತ್ತದೆ. ಮುಂದೆ ಅಗ್ನಿ, ಹಂಸ, ಮದ್ಗು ಎಂಬ ನೀರುಹಕ್ಕಿ ಒಂದೊಂದು ಪಾದವನ್ನು ಹೇಳುತ್ತವೆ. ಕೆಲಸ ಮಾಡಿದ ಬಯಲೇ, ಕಾಯ್ದ ಪ್ರಾಣಿಯೇ, ಸಂಜೆಗೆ ಹೊತ್ತಿಸಿದ ಬೆಂಕಿಯೇ ಅವನಿಗೆ ಗುರುವಾದದ್ದು ಆಕಸ್ಮಿಕವಲ್ಲ. ಆದರೂ ಸತ್ಯಕಾಮನು ಅಷ್ಟಕ್ಕೇ ತೃಪ್ತನಾಗದೆ ಗೌತಮನ ಬಳಿಗೆ ಮರಳಿ, ಆಚಾರ್ಯನಿಂದಲೇ ತಿಳಿಯಬೇಕೆಂದು ಕೇಳಿಕೊಳ್ಳುತ್ತಾನೆ, ಗುರು ಏನನ್ನೂ ಉಳಿಸಿಕೊಳ್ಳದೆ ಉಪದೇಶಿಸುತ್ತಾನೆ. ದುಡಿಮೆ ಕಲಿಸಿದ್ದನ್ನು ಹಿರಿಯನೊಬ್ಬ ಕೇಳಿ, ಒಪ್ಪಿ, ಪೂರ್ಣಗೊಳಿಸುವವರೆಗೆ ಬೆಳವಣಿಗೆ ಮುಗಿಯುವುದಿಲ್ಲ.

ಈ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಅದೇ ಅಧ್ಯಾಯದಲ್ಲಿ ಮುಂದೆ ಬರುವುದನ್ನು ಹೇಳುವವರು ಕಡಿಮೆ. ಸತ್ಯಕಾಮನು ಈಗ ಸ್ವತಃ ಆಚಾರ್ಯ. ಉಪಕೋಸಲ ಕಾಮಲಾಯನನೆಂಬ ಶಿಷ್ಯನು ಹನ್ನೆರಡು ವರ್ಷ ಅವನ ಅಗ್ನಿಗಳನ್ನು ನೋಡಿಕೊಂಡಿದ್ದಾನೆ. ಉಳಿದ ಶಿಷ್ಯರ ವಿದ್ಯೆ ಮುಗಿಸಿ ಮನೆಗೆ ಕಳಿಸಿದ ಗುರು ಇವನೊಬ್ಬನನ್ನು ಮಾತ್ರ ಕಳಿಸುವುದಿಲ್ಲ, ಕಲಿಸುವುದೂ ಇಲ್ಲ. ಹುಡುಗ ನಿಷ್ಠೆಯಿಂದ ದುಡಿದಿದ್ದಾನೆ, ಅಗ್ನಿಗಳೇ ನಿನ್ನನ್ನು ದೂರುವ ಮೊದಲು ಅವನಿಗೆ ಹೇಳಿಕೊಡು ಎಂದು ಹೆಂಡತಿ ಎಚ್ಚರಿಸಿದರೂ ಸತ್ಯಕಾಮನು ಏನೂ ಹೇಳದೆ ಪ್ರಯಾಣ ಹೊರಡುತ್ತಾನೆ. ದುಃಖದಿಂದ ಉಪಕೋಸಲನು ಊಟ ಬಿಡುತ್ತಾನೆ. ಕೊನೆಗೆ ಅವನು ಸಾಕಿದ ಅಗ್ನಿಗಳೇ ಕರುಣೆಯಿಂದ ಅವನಿಗೆ ವಿದ್ಯೆ ನೀಡುತ್ತವೆ. ಇದನ್ನು ಗುರುವಿನ ಪರೀಕ್ಷೆಯೆಂದು ಸಮರ್ಥಿಸುವವರಿದ್ದಾರೆ. ಆದರೆ ಉಪನಿಷತ್ತು ಹೆಂಡತಿಯ ಮಾತನ್ನು ಉಳಿಸಿಕೊಂಡಿದೆ, ಶಿಷ್ಯನ ಉಪವಾಸವನ್ನು ಉಳಿಸಿಕೊಂಡಿದೆ. ಗುರುವಿನ ಕಡೆಯಿಂದ ಒಂದು ಸಮಾಧಾನವನ್ನೂ ಹೇಳಿಲ್ಲ. ಏನೂ ಇಲ್ಲದೆ ಬಂದು ಬಾಗಿಲು ತೆರೆಸಿಕೊಂಡವನೇ ಮುಂದೆ ಇನ್ನೊಬ್ಬನ ದುಡಿಮೆಯನ್ನು ಹನ್ನೆರಡು ವರ್ಷ ಬಳಸಿಕೊಂಡು ಕಲಿಸದೆ ಇರಬಲ್ಲನೆಂಬ ಕಠಿಣ ಸತ್ಯವನ್ನು ಈ ಭಾಗ ಮುಚ್ಚಿಡುವುದಿಲ್ಲ. ಒಳಗೆ ಬಿಡುವುದು ಒಂದು ಧರ್ಮ, ಬೆಳೆಸುವುದು ಇನ್ನೊಂದು. ಮೊದಲನೆಯದನ್ನು ಪಾಲಿಸಿದ ಮಾತ್ರಕ್ಕೆ ಎರಡನೆಯದು ಸಂದಾಯವಾಗುವುದಿಲ್ಲ.

ಸತ್ಯಕಾಮನ ಕಥೆಯನ್ನು ಮುಂದಿನ ವೇದಾಂತ ಹೇಗೆ ಓದಿತೆಂಬುದು ನೋವಿನ ಸಂಗತಿ. ಬ್ರಹ್ಮಸೂತ್ರಗಳ ಮೊದಲ ಅಧ್ಯಾಯದ ಮೂರನೆಯ ಪಾದದಲ್ಲಿ ಬರುವ ಅಪಶೂದ್ರಾಧಿಕರಣ, ಅಂದರೆ ವೇದವಿದ್ಯೆಯಲ್ಲಿ ಶೂದ್ರನಿಗೆ ಅಧಿಕಾರವಿಲ್ಲವೆಂದು ಸಾಧಿಸುವ ಭಾಗ, ಇದೇ ಕಥೆಯನ್ನು ಪ್ರಮಾಣವಾಗಿ ಹಿಡಿಯುತ್ತದೆ. ಹುಡುಗನು ಶೂದ್ರನಲ್ಲವೆಂದು ಖಚಿತವಾದ ಮೇಲೆಯೇ ಗೌತಮನು ಉಪನಯನಕ್ಕೆ ತೊಡಗಿದನೆಂದು ಶಂಕರರ ಭಾಷ್ಯ ವಿವರಿಸುತ್ತದೆ. ಗುಣವನ್ನು ನೋಡಿ ತೆರೆದ ಬಾಗಿಲು ಹುಟ್ಟನ್ನು ನೋಡಿ ಮುಚ್ಚುವುದಕ್ಕೆ ಸಾಕ್ಷಿಯಾಗಿಬಿಟ್ಟಿತು.

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಶರಣರು ಮಾಡಿದ್ದು ಈ ಅಧಿಕಾರವಿಚಾರವನ್ನೇ ಬುಡಮೇಲು ಮಾಡುವ ಕೆಲಸ. ಕಾಯಕವೆಂದರೆ ಹೊಟ್ಟೆಪಾಡಿನ ಉದ್ಯೋಗ ಮಾತ್ರವಲ್ಲ, ಪ್ರಾಮಾಣಿಕವಾಗಿ ಮೈಮುರಿದು ದುಡಿದು, ಬಂದದ್ದನ್ನು ತನ್ನ ಅಗತ್ಯದಷ್ಟು ಮಾತ್ರ ಇಟ್ಟುಕೊಂಡು ಉಳಿದದ್ದನ್ನು ಸಮುದಾಯಕ್ಕೆ ಸಲ್ಲಿಸುವ ಸಾಧನೆ. ಆ ಸಲ್ಲಿಸುವಿಕೆಗೆ ದಾಸೋಹವೆಂದು ಹೆಸರು. ನೆಲಕ್ಕೆ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಯಾವ ವಿದ್ಯೆಯೂ ಬೇಡದ, ಯಾವ ಅನುಭವವೂ ಬೇಡದ ಕೆಲಸ. ಅದನ್ನು ಮಾಡುತ್ತಿದ್ದ ಆಯ್ದಕ್ಕಿ ಮಾರಯ್ಯನು ವಚನಕಾರ. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಇದು ನಮ್ಮ ಕಾಯಕಕ್ಕೆ ಮೀರಿದ್ದೆಂದು ಹೆಂಡತಿ ಲಕ್ಕಮ್ಮ ಹೆಚ್ಚಿನದನ್ನು ಹಿಂದಕ್ಕೆ ಸುರಿದು ಬರಲು ಕಳಿಸಿದಳೆಂದು ಸಂಪ್ರದಾಯ ಹೇಳುತ್ತದೆ. ಕಾಶ್ಮೀರದ ಅರಸುತನವನ್ನು ಬಿಟ್ಟು ಬಂದು ಕಲ್ಯಾಣದಲ್ಲಿ ಸೌದೆಯ ಹೊರೆ ಮಾರಿದನೆಂದು ಹೇಳಲಾಗುವ ಮೋಳಿಗೆಯ ಮಾರಯ್ಯನ ಕಥೆಯಲ್ಲಂತೂ ಏರುವ ಮೆಟ್ಟಿಲಿಗೆ ಅರ್ಥವೇ ಉಳಿಯುವುದಿಲ್ಲ. ಅರಸ ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣನೂ ಅಕ್ಕಿ ಆಯುವವನೂ ಒಂದೇ ಸಾಲಿನಲ್ಲಿ ಕೂತು ಮಾತಾಡಬಹುದಾಗಿದ್ದ ಕಡೆ, ಬೆಳವಣಿಗೆಯೆಂದರೆ ಹುದ್ದೆ ಏರುವುದಲ್ಲ, ಅರಿವಿನಲ್ಲಿ ಮಾಗುವುದು.

ಇಲ್ಲಿ ಒಂದು ಎಚ್ಚರಿಕೆ ಅತ್ಯಗತ್ಯ. ಕಾಯಕದಲ್ಲಿ ಮೇಲುಕೀಳಿಲ್ಲವೆಂಬ ಶರಣರ ಮಾತನ್ನು ಇಂದು ಸಂಬಳ ಕೊಡುವವರು ಕೆಳಗಿನ ಹುದ್ದೆಯಲ್ಲಿರುವವರ ಮುಂದೆ ಆಡಿದಾಗ ಅದರ ಅರ್ಥವೇ ತಿರುಗಿಬೀಳುತ್ತದೆ. ಶರಣರ ಸಮಾನತೆ ಬರಿಯ ಭಾವನೆಯಲ್ಲ. ಅದಕ್ಕೆ ದಾಸೋಹದ ಪಂಕ್ತಿಯಿತ್ತು, ಎಲ್ಲರಿಗೂ ಮಾತಿನ ಅವಕಾಶವಿದ್ದ ಗೋಷ್ಠಿಯಿತ್ತು, ಹರಳಯ್ಯ ಮಧುವರಸರ ಮಕ್ಕಳ ಜಾತಿ ಮೀರಿದ ಮದುವೆಗಾಗಿ ಪ್ರಾಣ ತೆತ್ತ ಧೈರ್ಯವಿತ್ತು. ಅನ್ನ, ಮನೆ, ಮಕ್ಕಳ ಓದು, ಕಾಯಿಲೆಯ ಖರ್ಚು ಎಲ್ಲವೂ ಹುದ್ದೆಯ ಎತ್ತರವನ್ನೇ ಅವಲಂಬಿಸಿರುವ ಕಾಲದಲ್ಲಿ, ಪಂಕ್ತಿಯನ್ನು ಬೇರೆ ಮಾಡಿ ಕಾಯಕದ ಉಪದೇಶವನ್ನು ಮಾತ್ರ ಉಳಿಸಿಕೊಳ್ಳುವುದು ಅನ್ಯಾಯ. ಡಾ. ಬಿ. ಆರ್. ಅಂಬೇಡ್ಕರ್ 1936ರ ‘ಜಾತಿ ವಿನಾಶ’ದಲ್ಲಿ, ಜಾತಿಯು ಕೆಲಸವನ್ನು ಹಂಚುವ ವ್ಯವಸ್ಥೆಯಲ್ಲ, ಕೆಲಸಗಾರರನ್ನೇ ಒಬ್ಬರ ಮೇಲೊಬ್ಬರಂತೆ ವಿಂಗಡಿಸುವ ವ್ಯವಸ್ಥೆ ಎಂದು ತೋರಿಸಿದ್ದು ಈ ಕಾರಣಕ್ಕೇ ಇಂದಿಗೂ ಹಳತಾಗಿಲ್ಲ.

ಕನ್ನಡನಾಡಿನ ದುಡಿಮೆಯ ಲೋಕದಲ್ಲಿ ಕಲಿಸುತ್ತ ಬೆಳೆಸುವ ದಾರಿಗಳು ಇಲ್ಲದೆ ಇಲ್ಲ. ಕಟ್ಟಡದ ಕೆಲಸದಲ್ಲಿ ಮಣ್ಣು ಹೊರುವ ಕೈಯಾಳು ಕರಣೆ ಹಿಡಿದು ಗಾರೆಯವನಾಗಿ, ಮುಂದೆ ಮೇಸ್ತ್ರಿಯಾಗುತ್ತಾನೆ. ಉಡುಪಿ ಹೋಟೆಲುಗಳಲ್ಲಿ ತಟ್ಟೆ ತೊಳೆಯಲು ಬಂದ ಹುಡುಗರು ಸಪ್ಲೈಯರ್ ಆಗಿ, ಅಡುಗೆ ಭಟ್ಟರಾಗಿ, ಗಲ್ಲೆಯಲ್ಲಿ ಕೂತು, ಸ್ವಂತ ಹೋಟೆಲು ತೆರೆದದ್ದುಂಟು. ಕಡಂದಲೆಯ ಕೃಷ್ಣರಾಯರು ಅಡುಗೆಮನೆಯ ಸಣ್ಣ ಕೆಲಸದಿಂದ ತೊಡಗಿ ಮದ್ರಾಸಿನಲ್ಲಿ 1938ರಲ್ಲಿ ವುಡ್‌ಲ್ಯಾಂಡ್ಸ್ ಹೋಟೆಲನ್ನು ಸ್ಥಾಪಿಸಿದರು. ಆದರೆ ಆರಂಭದ ದಶಕಗಳಲ್ಲಿ ಆ ಅಡುಗೆಮನೆಗಳ ಬಾಗಿಲು ಹೆಚ್ಚಾಗಿ ಬ್ರಾಹ್ಮಣ ಹುಡುಗರಿಗೇ ತೆರೆದಿತ್ತು, ಗಾರೆ ಕೆಲಸದಲ್ಲಿ ಇಂದಿಗೂ ಹೆಂಗಸು ಬಾಂಡ್ಲಿ ಹೊರುವುದರಲ್ಲೇ ಉಳಿದು ಕರಣೆ ಗಂಡಸಿನ ಕೈಗೇ ಹೋಗುತ್ತದೆ. ಅನುಭವವನ್ನು ಕೇಳದ ಬಾಗಿಲೂ ಬೇರೆ ಏನನ್ನೋ ಕೇಳಬಹುದೆಂಬುದು ಇದರಿಂದ ಸ್ಪಷ್ಟ.

ಕಾನೂನು ಈ ವಿಷಯದಲ್ಲಿ ಅರ್ಧ ದಾರಿ ನಡೆದಿದೆ. 1961ರ ಅಪ್ರೆಂಟಿಸ್ ಕಾಯ್ದೆಯು ಉದ್ಯಮಗಳು ಹೊಸಬರನ್ನು ತೆಗೆದುಕೊಂಡು, ಭತ್ಯೆ ಕೊಟ್ಟು, ಕಸುಬು ಕಲಿಸಬೇಕೆಂದು ಹೇಳುವಾಗ ನಿಷಾದಸ್ಥಪತಿಯ ತರ್ಕವನ್ನೇ ಅರಿಯದೆ ಅನುಸರಿಸುತ್ತದೆ. ಆದರೆ ಅದೇ ಕಾಯ್ದೆ ಕಲಿಯುವವನನ್ನು ಕಾರ್ಮಿಕನೆಂದು ಪರಿಗಣಿಸುವುದಿಲ್ಲ, ಕಲಿತ ಮೇಲೆ ಕೆಲಸದ ಭರವಸೆಯನ್ನೂ ಕೊಡುವುದಿಲ್ಲ. ಉಪಕೋಸಲನ ಪಾಡು ಅಲ್ಲಿ ಹಾಗೆಯೇ ಉಳಿದಿದೆ. 2024ರ ಜನವರಿಯಿಂದ ನೆರವು ನೀಡತೊಡಗಿದ ಕರ್ನಾಟಕದ ಯುವನಿಧಿ ಯೋಜನೆ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿಯನ್ನೂ ಡಿಪ್ಲೊಮಾ ಮುಗಿಸಿದವರಿಗೆ 1,500 ರೂಪಾಯಿಯನ್ನೂ ಎರಡು ವರ್ಷದವರೆಗೆ ಕೊಡುತ್ತದೆ. ಕಾಯುವವರಿಗೆ ಅದು ಆಸರೆ, ನಿಜ. ಬಾಗಿಲು ತೆರೆಯುವ ಹೊಣೆ ಮಾತ್ರ ಕೆಲಸ ಕೊಡುವವರ ಮೇಲೆಯೇ ಇದೆ.

ಈ ಚರ್ಚೆಯನ್ನು ಒರೆಗೆ ಹಚ್ಚಬೇಕಾದ ಜಾಗ ನಗರಗಳ ಬೀದಿ. ಮುಖ್ಯಮಂತ್ರಿ ದೇವರಾಜ ಅರಸರ ಕಾಲದಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವುದನ್ನು ಕರ್ನಾಟಕದಲ್ಲಿ ನಿಷೇಧಿಸಿದರು; ಕೇಂದ್ರದ ಕಾನೂನುಗಳು 1993ರಲ್ಲಿ, ಮತ್ತೆ 2013ರಲ್ಲಿ ಬಂದವು. ಆದರೆ ಬೀದಿ ಗುಡಿಸುವ ಪೌರಕಾರ್ಮಿಕರ ಪಾಡು ಬೇರೆಯಾಗಿಲ್ಲ: ಅವರ ಕೆಲಸ ಯಾವ ಪೂರ್ವಾನುಭವವನ್ನೂ ಕೇಳುವುದಿಲ್ಲ, ಅದಕ್ಕೆ ಬರುವವರಲ್ಲಿ ಬಹುಪಾಲು ದಲಿತರು, ಅವರಲ್ಲಿ ಹೆಂಗಸರೇ ಹೆಚ್ಚು. ಇಪ್ಪತ್ತು ವರ್ಷ ಪೊರಕೆ ಹಿಡಿದವಳು ಇಪ್ಪತ್ತೊಂದನೆಯ ವರ್ಷವೂ ಪೊರಕೆಯನ್ನೇ ಹಿಡಿಯುತ್ತಾಳೆ, ಅವಳ ಹಾಜರಿ ಬರೆಯುವ ಮೇಸ್ತ್ರಿ ಸಾಮಾನ್ಯವಾಗಿ ಗಂಡಸೇ ಆಗಿರುತ್ತಾನೆ. ಸೇವೆಯನ್ನು ಕಾಯಂ ಮಾಡಬೇಕೆಂದು ವರ್ಷಗಟ್ಟಲೆ ಹೋರಾಡಿ ಇತ್ತೀಚೆಗೆ ಹಲವರು ಆ ಹಕ್ಕನ್ನು ಪಡೆದಿದ್ದಾರೆ. ಇನ್ನು ಉಳಿದಿರುವುದು ಮೇಲಿನ ಹುದ್ದೆಗಳ ದಾರಿ: ಬೀದಿಯನ್ನು ಅವಳಷ್ಟು ಬಲ್ಲವರು ಬೇರಾರೂ ಇಲ್ಲವಾದ್ದರಿಂದ, ಮೇಲ್ವಿಚಾರಣೆಯ ಹುದ್ದೆಗಳಲ್ಲಿ ಒಂದು ಪಾಲನ್ನು ಪೌರಕಾರ್ಮಿಕರಿಗೇ ಮೀಸಲಿಟ್ಟು, ಅದಕ್ಕೆ ಬೇಕಾದ ಓದುಬರಹ ಮತ್ತು ತರಬೇತಿಯನ್ನು ಸಂಬಳ ಕಡಿತ ಮಾಡದೆ ಕೆಲಸದ ವೇಳೆಯಲ್ಲೇ ಕೊಡುವ ನಿಯಮವನ್ನು ರಾಜ್ಯದ ನಗರಸಭೆಗಳು ಮತ್ತು ಮಹಾನಗರ ಪಾಲಿಕೆಗಳು ಮಾಡಬೇಕು.