ನಡಿಗೆಯೂ ಜಂಗಮತ್ವವೂ

ಹುಟ್ಟಿನ ಆಸುಪಾಸಿನಲ್ಲೇ ಎರಗುವ ಮಿದುಳಿನ ಪಾರ್ಶ್ವವಾಯುವನ್ನು, ಅಂದರೆ ಸೆರೆಬ್ರಲ್ ಪಾಲ್ಸಿಯನ್ನು, ಮಕ್ಕಳ ವ್ಯಾಧಿಯೆಂದೇ ನಾವು ಬಗೆದಿದ್ದೇವೆ. ಆ ಮಕ್ಕಳಿಗೂ ಮುಪ್ಪು ಬರುತ್ತದೆ. ಮಿದುಳಿನ ಗಾಯ ಬೆಳೆಯದು. ಆದರೆ ಬಿಗಿದ ಸ್ನಾಯುಗಳೊಡನೆ ದಶಕಗಳ ಕಾಲ ಹೆಣಗಿದ ಕೀಲುಗಳು ಬೇಗ ಸವೆಯುತ್ತವೆ. ನಡೆಯುತ್ತಿದ್ದ ಹಲವರ ನಡಿಗೆ 40 ವರ್ಷದೊಳಗೇ ಕುಂದುತ್ತದೆ.

ಆಗ ಗಾಲಿಕುರ್ಚಿಯನ್ನು ಆಶ್ರಯಿಸುವುದು ಸೋಲೇ? 'ನಡೆ, ನಡೆ' ಎಂಬ ಉತ್ತೇಜನವನ್ನೇ ಕೇಳಿ ಬೆಳೆದವರಿಗೆ ಹಾಗೆನಿಸುವುದು ಸಹಜ. ಆದರೆ ನಡಿಗೆ ಸಾಧನವೇ ಹೊರತು ಸಾಧ್ಯವಲ್ಲ. ಹತ್ತು ಹೆಜ್ಜೆಗೇ ದಿನದ ಬಲವೆಲ್ಲ ವ್ಯಯವಾದರೆ ಕಾಯಕಕ್ಕೆ ಉಳಿಯುವುದೇನು? ಮಿತವಾದ ವ್ಯಾಯಾಮವನ್ನು ಬಿಡದೆ ಗಾಲಿಯನ್ನು ಸ್ವೀಕರಿಸುವುದು ವಿವೇಕ. ಜಂಗಮತ್ವವಿರುವುದು ಅರಿವಿನ ಚಲನೆಯಲ್ಲಿ.

ಉಳಿದ ಪ್ರಶ್ನೆ ನಮ್ಮದು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯಿದೆ ಈ ಸ್ಥಿತಿಯನ್ನು ಹೆಸರಿಸಿ ಗುರುತಿಸಿದೆ. ನಮ್ಮ ಮಠಗಳ ಮೆಟ್ಟಿಲುಗಳು ಗುರುತಿಸಿವೆಯೇ? ಭಕ್ತನನ್ನು ಹೊಸ್ತಿಲಲ್ಲೇ ನಿಲ್ಲಿಸುವ ಮಠ ತಾನೇ ಸ್ಥಾವರವಾಯಿತು. ಮೊದಲು ಇಳಿಜಾರು ದಾರಿ ಕಟ್ಟೋಣ, ಉಪದೇಶ ಅನಂತರ.