ಕೈಗುಣ ಯಾರ ಗುಣ?

ಬಳ್ಳಾರಿ ನಗರದ ಹಿತ್ತಲುಗಳಲ್ಲಿ, ಸಿರುಗುಪ್ಪದ ಗದ್ದೆಯ ಬದುಗಳಲ್ಲಿ, ಕುರುಗೋಡಿನ ಬಂಡೆಗುಡ್ಡಗಳ ಅಡಿಯ ತೋಟಗಳಲ್ಲಿ ಸಿಗುವ ನೆಲ್ಲಿ, ಗಣಿಕೆಯಂಥ ಕಾಯಿಹಣ್ಣುಗಳಿಂದ ಮನೆಮದ್ದು ಮಾಡಿಕೊಡುವವರ ಮಾತು ಬಂದಾಗಲೆಲ್ಲ ‘ಕೈಗುಣ’ ಎಂಬ ಪದವೂ ಜೊತೆಗೇ ಬರುತ್ತದೆ. ಅದೇ ಕಾಯಿ, ಅದೇ ಅಳತೆಯಾದರೂ ಒಬ್ಬರು ಕೊಟ್ಟರೆ ಮದ್ದು ನಾಟುತ್ತದೆ, ಇನ್ನೊಬ್ಬರು ಕೊಟ್ಟರೆ ನಾಟುವುದಿಲ್ಲ ಎಂಬುದು ಅದರ ಹಿಂದಿನ ನಂಬಿಕೆ. ಬಳ್ಳಾರಿಯಲ್ಲಿ ಪಂಡಿತ ತಾರಾನಾಥರ (1891–1942) ಹೆಸರಿನ ಸರ್ಕಾರಿ ಆಯುರ್ವೇದ ಕಾಲೇಜಿದ್ದು, ಅಂಥ ಕಾಲೇಜುಗಳಲ್ಲಿ ಕಲಿಸುವ ವಿಷಯಗಳಲ್ಲೊಂದಕ್ಕೆ ‘ದ್ರವ್ಯಗುಣ’ ಎಂದು ಹೆಸರು. ಪಾಠದಲ್ಲಿ ದ್ರವ್ಯದ ಗುಣವಾದದ್ದು ಹಿತ್ತಲಿಗೆ ಬಂದೊಡನೆ ಕೈಯ ಗುಣವಾಗುವುದು ಹೇಗೆ ಎಂಬ ಪ್ರಶ್ನೆ ಮೇಲುನೋಟಕ್ಕೆ ಕಾಣುವಷ್ಟು ಸಣ್ಣದಲ್ಲ.

ವೈಶೇಷಿಕ ದರ್ಶನದ ಪ್ರಕಾರ ಗುಣವೆಂಬುದು ದ್ರವ್ಯವನ್ನು, ಅಂದರೆ ಯಾವುದಾದರೊಂದು ವಸ್ತುವನ್ನು, ಆಶ್ರಯಿಸಿಯೇ ಇರತಕ್ಕದ್ದಾದ್ದರಿಂದ, ನೆಲ್ಲಿಯ ಹುಳಿ ನೆಲ್ಲಿಯಲ್ಲಿರಬೇಕೇ ಹೊರತು ಕೊಟ್ಟವರ ಅಂಗೈಯಲ್ಲಲ್ಲ. ಕರ್ಮಸಿದ್ಧಾಂತವನ್ನು ಬಿಗಿಯಾಗಿ ಹಿಡಿದವರಿಗೆ ಕಾಯಿಯೂ ಬೇಡ, ಕೈಯೂ ಬೇಡ. ರೋಗ ಹಿಂದಿನ ಕರ್ಮದ ಫಲವಾದರೆ ಅದನ್ನು ಉಂಡೇ ತೀರಿಸಬೇಕು. ಆಯುರ್ವೇದದ ಗ್ರಂಥವಾದ ಚರಕಸಂಹಿತೆ ಈ ಬಿಗಿತನವನ್ನು ಒಪ್ಪುವುದಿಲ್ಲ. ಆಯುಷ್ಯವೆಲ್ಲ ಮೊದಲೇ ನಿಶ್ಚಿತವಾಗಿದ್ದರೆ ಮದ್ದು, ಮಂತ್ರ, ಹೋಮ ಯಾವುದಕ್ಕೂ ಅರ್ಥವಿರುತ್ತಿರಲಿಲ್ಲವೆಂದು ಅದರ ವಿಮಾನಸ್ಥಾನವೆಂಬ ಭಾಗದ 3ನೆಯ ಅಧ್ಯಾಯ ವಾದಿಸಿ, ಹಿಂದೆ ಮಾಡಿದ ಕರ್ಮವಾದ ದೈವವನ್ನೂ ಈಗ ಮಾಡುವ ಪ್ರಯತ್ನವಾದ ಪುರುಷಕಾರವನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುತ್ತದೆ. ಅದೇ ಗ್ರಂಥ ಚಿಕಿತ್ಸೆಗೆ ವೈದ್ಯ, ದ್ರವ್ಯ, ಉಪಚಾರ ಮಾಡುವವರು, ರೋಗಿ ಎಂಬ ನಾಲ್ಕು ಪಾದಗಳನ್ನು ಹೇಳುತ್ತದೆ. ಮನೆಮದ್ದಿನಲ್ಲಿ ಮೊದಲಿನ ಮೂರೂ ಒಬ್ಬ ಅಜ್ಜಿಯ ಕೈಯಲ್ಲೇ ಸೇರುವುದರಿಂದ ‘ಕೈಗುಣ’ ಎಂದ ಜನರ ಮಾತು ಶಾಸ್ತ್ರಕ್ಕೆ ಅಷ್ಟೇನೂ ದೂರವಿಲ್ಲ.

ಗಣಿಕೆಯ ಗಿಡದ ಮುಂದೆ ಕುಳಿತರೆ ಇದು ಸ್ಪಷ್ಟವಾಗುತ್ತದೆ. ಸಂಸ್ಕೃತದಲ್ಲಿ ಕಾಕಮಾಚಿ ಎನಿಸಿಕೊಂಡ ಈ ಗಿಡದ ಒಂದೇ ಗೊಂಚಲಿನಲ್ಲಿ ಹಸಿರು ಕಾಯಿಯೂ ಮೆಣಸಿನಷ್ಟು ದಪ್ಪದ ಕಪ್ಪು ಹಣ್ಣೂ ಒಟ್ಟಿಗೇ ಇರುತ್ತವೆ. ಹಣ್ಣು ತಿನ್ನಲು ಬರುತ್ತದೆ, ಹಸಿರು ಕಾಯಿಯಲ್ಲಿ ಸೊಲನೈನ್ ಎಂಬ ವಿಷಾಂಶವಿರುತ್ತದೆ. ದ್ರವ್ಯ ಒಂದೇ ಗಿಡದ್ದಾದರೂ ಬಾಯಿಹುಣ್ಣಿಗೆಂದು ಬಂದ ಮಗುವಿನ ಅಂಗೈಗೆ ಯಾವುದು ಬೀಳಬೇಕೆಂಬುದನ್ನು ಬೆರಳೇ ನಿರ್ಧರಿಸಬೇಕು, ಮತ್ತು ಕಳೆನಾಶಕ ಹೊಡೆದ ಬದುವಿನಲ್ಲಿ ಬೆಳೆದ ಗಿಡವಾದರೆ ಆ ಬೆರಳು ಹಿಂದಕ್ಕೆ ಬರಬೇಕು. ಅರಿಯದ ಮದ್ದು ವಿಷಕ್ಕೆ ಸಮಾನವೆಂದು ಚರಕ ಎಚ್ಚರಿಸಿದ್ದು ಇಂಥ ಕಡೆಗೇ.

ದುಡ್ಡು ತೆಗೆದುಕೊಂಡರೆ ಕೈಗುಣ ಹೋಗುತ್ತದೆಂಬ ನಂಬಿಕೆಗೆ ಶರಣಧರ್ಮದಲ್ಲಿ ಬೇರೊಂದು ನೆಲೆ ದೊರೆಯುತ್ತದೆ. 12ನೆಯ ಶತಮಾನದ ವಚನಕಾರ ವೈದ್ಯ ಸಂಗಣ್ಣನಿಗೆ ವೈದ್ಯವೇ ಕಾಯಕ, ಅಂದರೆ ಪೂಜೆಯಾಗಿ ಮಾಡುವ ದುಡಿಮೆ. ಅದರ ಫಲವನ್ನು ‘ನನ್ನದು’ ಎನ್ನದೆ ಸಮಾಜಕ್ಕೆ ಒಪ್ಪಿಸುವುದು ದಾಸೋಹ. ಹಾಗೆ ನೋಡಿದರೆ ಕೈಗುಣವೆಂಬುದು ಕೈಯ ಸ್ವತ್ತಲ್ಲ, ಕೈ ಅದನ್ನು ಹಿಡಿದಿಟ್ಟುಕೊಳ್ಳದಿರುವುದರ ಹೆಸರು. ಆದರೆ ಇದೇ ನೆವದಲ್ಲಿ ಮದ್ದಿನ ಗುಟ್ಟನ್ನು ಹೇಳಿದರೆ ಗುಣ ಕೆಡುತ್ತದೆಂದು ಮುಚ್ಚಿಟ್ಟು, ಅಜ್ಜಿಯೊಂದಿಗೇ ಅರಿವನ್ನೂ ಮಣ್ಣಿಗೆ ಕಳಿಸುವ ರೂಢಿಗೆ ದಾಸೋಹದ ಸಮರ್ಥನೆ ಸಿಗಲಾರದು.

ಮತ್ತೆ ನೆಲ್ಲಿಗೇ ಬಂದರೆ, ಕಾರ್ತಿಕದ ಉತ್ಥಾನ ದ್ವಾದಶಿಯಂದು ತುಳಸಿಯ ಪಕ್ಕದಲ್ಲಿ ಕಾಯಿಸಹಿತ ನಿಲ್ಲಿಸಿ ಪೂಜಿಸುವ ನೆಲ್ಲಿಯ ಕೊಂಬೆ ದೇವರು. ಆಮೇಲೆ ಬರುವ ನೆಲ್ಲಿಕಾಯಿ ತುರಿಮಣೆಗೆ. ಹುಳಿ ಸಾಮಾನ್ಯವಾಗಿ ಪಿತ್ತವನ್ನು ಕೆರಳಿಸುವುದಾದರೂ ನೆಲ್ಲಿ ಪಿತ್ತವನ್ನು ತಣಿಸುತ್ತದೆಂದೂ, ಆರು ರಸಗಳಲ್ಲಿ ಉಪ್ಪೊಂದನ್ನು ಬಿಟ್ಟು ಉಳಿದ ಐದೂ ಅದರಲ್ಲಿವೆಯೆಂದೂ ಆಯುರ್ವೇದ ಹೇಳುತ್ತದೆ. ತುರಿದ ಕಾಯಿಗೆ ಶುಂಠಿ ಸೇರಿಸಿ, ಮಾಳಿಗೆಯ ಬಿಸಿಲಿಗೆ ಬಟ್ಟೆ ಹಾಸಿ ನೆಲ್ಲಿ ಅಡಿಕೆ ಒಣಗಿಸುವ ಮೊದಲು ಆ ಬಿಟ್ಟುಹೋದ ಒಂದು ರಸವನ್ನು ಚಿಟಿಕೆ ಹಿಡಿದು ಹಾಕುವುದು ಮನೆಯವರ ಕೈ.