ಮುಚ್ಚಿದ್ದು ಯಾರು?

ಅಬುಧಾಬಿಯ ಹಮ್ದಾನ್ ಸ್ಟ್ರೀಟ್‌ನಲ್ಲಿ ನಮ್ಮ ಆಫೀಸಿಗೆ ಶುಕ್ರವಾರ ಅರ್ಧ ದಿನ. ಅಂಥ ಒಂದು ಶುಕ್ರವಾರ ಹೊರಡುವ ಮುಂಚೆ ನಾನು ಇಪ್ಪತ್ತು ಸಾಲಿನ ಒಂದು ಪೈಥಾನ್ ಸ್ಕ್ರಿಪ್ಟ್ ಓಡಿಸಿದೆ. ನಮ್ಮ ತಂಡದ ಜಿರಾದಲ್ಲಿ 60 ದಿನಗಳಿಂದ ಯಾರೂ ಮುಟ್ಟದ ಟಿಕೆಟ್‌ಗಳು 700ಕ್ಕೂ ಹೆಚ್ಚಿದ್ದವು. ಸ್ಕ್ರಿಪ್ಟ್ ಅವನ್ನೆಲ್ಲ ಹುಡುಕಿ ‘ಡನ್’ ಎಂದು ಗುರುತು ಹಾಕಿತು. ನಾನು ಕೆಳಗಿಳಿದು ಒಂದು ಚಹಾ ಕುಡಿದು ಬರುವಷ್ಟರಲ್ಲಿ ಪಟ್ಟಿ ಸ್ವಚ್ಛ. ಮ್ಯಾನೇಜರ್‌ಗೂ ಖುಷಿ, ನನಗೂ ಖುಷಿ.

ಈ ಕೆಲಸದ ಪರಿಚಯ ಇಲ್ಲದವರಿಗೆ ಒಂದು ಮಾತು. ಎಪಿಐ ಅಂದರೆ, ಪರದೆಯ ಮೇಲೆ ಬಟನ್ ಒತ್ತುವ ಬದಲು ನಮ್ಮ ಪ್ರೋಗ್ರಾಂ ನೇರವಾಗಿ ಅರ್ಜಿ ಕೊಡುವ ಕಿಟಕಿ ಅಂದುಕೊಳ್ಳಿ. ‘ಈ ಟಿಕೆಟ್ ಇಲ್ಲಿಂದ ಯಾವ ಸ್ಥಿತಿಗೆ ಹೋಗಬಹುದು?’ ಅಂತ ಮೊದಲು ಕೇಳಬೇಕು, ಆಮೇಲೆ ‘ಇದಕ್ಕೆ ಹೋಗಲಿ’ ಅನ್ನಬೇಕು. ಆಯಿತು ಎಂದಾದರೆ ಜಿರಾ 204 ಎಂಬ ಸಂಖ್ಯೆ ಕಳಿಸುತ್ತದೆ. ಅದರ ಅರ್ಥ, ಕೆಲಸ ಆಗಿದೆ, ಹೇಳುವುದಕ್ಕೆ ಬೇರೇನೂ ಇಲ್ಲ.

ಹೇಳುವುದಕ್ಕೆ ಇದ್ದದ್ದು ಬೇರೆಯವರಿಗೆ. ಎರಡು ವಾರ ಕಳೆದ ಮೇಲೆ ಅದೇ ರಸ್ತೆಯ ಹೋಟೆಲಿನಲ್ಲಿ, ನಮ್ಮದೇ ಕಂಪನಿಯ ಗೋದಾಮಿನಲ್ಲಿರುವ ಕುಂದಾಪುರದವರೊಬ್ಬರು ಸಿಕ್ಕರು. ವಯಸ್ಸಿನಲ್ಲಿ ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ಊಟ ಮುಗಿಯುವ ಹೊತ್ತಿಗೆ ಮೆಲ್ಲಗೆ ಕೇಳಿದರು: “ಸರ್, ನನ್ನ ಓವರ್‌ಟೈಮ್ ಕಂಪ್ಲೇಂಟ್ ಮುಚ್ಚಿದ್ದು ನೀವೇ ಅಲ್ದಾ?”

“ನಾನಲ್ಲ, ಅದು ಸ್ಕ್ರಿಪ್ಟ್” ಅಂತ ಬಾಯಿಗೆ ಬಂದಿತ್ತು. ಆದರೆ ಟಿಕೆಟ್‌ನ ಇತಿಹಾಸದಲ್ಲಿ ಇದ್ದದ್ದು ನನ್ನ ಹೆಸರು. ಎಪಿಐ ಟೋಕನ್ ನನ್ನ ಖಾತೆಯದು, ಅದರಿಂದ ಆದದ್ದೆಲ್ಲ ನಾನು ಮಾಡಿದ್ದು ಅಂತಲೇ ದಾಖಲಾಗುತ್ತದೆ. ಜಿರಾ ಸುಳ್ಳು ಹೇಳಿರಲಿಲ್ಲ.

ಅವರ ದೂರು ಏನಿತ್ತು ಗೊತ್ತಾ? ತಿಂಗಳಿಗೊಮ್ಮೆ ಅವರು ರಾತ್ರಿ 12ರಿಂದ ಬೆಳಿಗ್ಗೆ 10ರವರೆಗೆ ಕೂತು ಸ್ಟಾಕ್ ಎಣಿಸುತ್ತಾರೆ. ಅದರ ಹಿಂದಿನ ದಿನವೂ ಮುಂದಿನ ದಿನವೂ ರಜೆ. ಹತ್ತು ಗಂಟೆ ಕೆಲಸ ಅಂದರೆ ಎರಡು ಗಂಟೆ ಓವರ್‌ಟೈಮ್. ಆದರೆ ನಮ್ಮ ವರದಿ ದಿನಾಂಕವನ್ನು ಯುಟಿಸಿ ಸಮಯದಲ್ಲಿ ಲೆಕ್ಕ ಹಾಕುತ್ತಿತ್ತು. ಯುಎಇ ಗಡಿಯಾರ ಯುಟಿಸಿಗಿಂತ 4 ಗಂಟೆ ಮುಂದೆ. ಹಾಗಾಗಿ ಮೊದಲ ನಾಲ್ಕು ಗಂಟೆ ಹಿಂದಿನ ದಿನಕ್ಕೆ ಹೋಯಿತು, ಉಳಿದ ಆರು ಆ ದಿನಕ್ಕೆ. ಎರಡರಲ್ಲೂ ಎಂಟು ಗಂಟೆ ದಾಟಲಿಲ್ಲ. ಓವರ್‌ಟೈಮ್ ಮಾಯ.

ತಿಂಗಳಿಗೊಮ್ಮೆ ಆಗುವ ತಪ್ಪು 60 ದಿನದಲ್ಲಿ ಹೆಚ್ಚೆಂದರೆ ಎರಡು ಸಲ ಕಾಣುತ್ತದೆ. ಅವರು ಎರಡು ಸಲ ಬರೆದು, ಉತ್ತರ ಬಾರದೆ ಸುಮ್ಮನಾಗಿದ್ದರು. ಆ ಮೌನವನ್ನು ನನ್ನ ಸ್ಕ್ರಿಪ್ಟ್ ‘ಸಮಸ್ಯೆ ಇಲ್ಲ’ ಅಂತ ಓದಿತು.

ಹಾಗಂತ ಯಾವ ಟಿಕೆಟನ್ನೂ ಮುಚ್ಚಲೇಬಾರದಾ? ಹಾಗೂ ಹೇಳಲಾರೆ. ಯಾರೂ ಎಂದೂ ಮಾಡದ 700 ಕೆಲಸಗಳನ್ನು ತೆರೆದಿಟ್ಟು ಕೂರುವುದೂ ಒಂದು ಬಗೆಯ ಮೋಸವೇ. ದೂರು ಕೊಟ್ಟವರು ಕಾಯುತ್ತಲೇ ಇರುತ್ತಾರೆ. ‘ಇದನ್ನು ಮಾಡುವುದಿಲ್ಲ’ ಅಂತ ನೇರವಾಗಿ ಹೇಳಿ ಮುಚ್ಚುವುದು ಅದಕ್ಕಿಂತ ಪ್ರಾಮಾಣಿಕ. ಗಿಟ್‌ಹಬ್ ಎಪಿಐನಲ್ಲಿ ಇಶ್ಯೂ ಮುಚ್ಚುವಾಗ ಕಾರಣ ಕೊಡಬಹುದು, ಉದಾಹರಣೆಗೆ ‘ಮುಗಿದಿದೆ’ ಅಥವಾ ‘ಯೋಜನೆಯಲ್ಲಿಲ್ಲ’. ಎರಡರಲ್ಲೂ ಇಶ್ಯೂ ಮುಚ್ಚುತ್ತದೆ, ಆದರೆ ಹೇಳುವ ಮಾತು ಬೇರೆ ಬೇರೆ. ನಾನು ‘ಡನ್’ ಆರಿಸಿದ್ದು ಅದು ಸುಲಭ ಅಂತ. ತಪ್ಪು ಆಟೋಮೇಷನ್‌ನಲ್ಲಿ ಇರಲಿಲ್ಲ, ನಾನು ಆರಿಸಿದ ಆ ಒಂದು ಪದದಲ್ಲಿತ್ತು. ಮಾಡದ ಕೆಲಸವನ್ನು ಮಾಡಿದೆ ಅಂತ 700 ಸಲ ಹೇಳಿಸಿದ್ದೆ.

ಟಿಕೆಟ್ ಅನ್ನುವುದು ಹೊಸ ಪದ, ವಿಷಯ ಹಳೆಯದು. ನಿಮ್ಮ ಅಪ್ಪ ಅಮ್ಮ ತಾಲೂಕು ಕಚೇರಿಯ ಕೌಂಟರ್ ಮುಂದೆ ಅರ್ಜಿ ಹಿಡಿದು ನಿಂತಿದ್ದನ್ನು ಕೇಳಿರುತ್ತೀರಿ. ಕರ್ನಾಟಕದಲ್ಲಿ 2011ರಲ್ಲಿ ಬಂದು 2012ರಿಂದ ‘ಸಕಾಲ’ ಅಂತ ಜಾರಿಯಾದ ಕಾನೂನು ಆ ಅರ್ಜಿಗೊಂದು ಸಂಖ್ಯೆ ಕೊಟ್ಟಿತು, ಗಡುವು ಕೊಟ್ಟಿತು. ತಡವಾದರೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500 ರೂಪಾಯಿ ಪರಿಹಾರ. ನನಗೆ ಅದರಲ್ಲಿ ಮುಖ್ಯ ಅನಿಸುವುದು ಬೇರೆ: ಅಧಿಕಾರಿ ಅರ್ಜಿ ತಿರಸ್ಕರಿಸಬಹುದು, ಆದರೆ ಕಾರಣ ಬರೆಯಬೇಕು. ಅರ್ಜಿದಾರರು ಮೇಲ್ಮನವಿ ಸಲ್ಲಿಸಬಹುದು. ಇಲ್ಲ ಅನ್ನುವ ಹಕ್ಕಿನ ಜೊತೆಗೇ ಯಾಕೆ ಇಲ್ಲ ಅಂತ ಹೇಳುವ ಹೊಣೆ.

ಸ್ಕ್ರಿಪ್ಟ್ ಮುಚ್ಚಬಲ್ಲದು, ಹೊಣೆ ಹೊರಲಾರದು. ಅದು ಟೋಕನ್ ಯಾರದ್ದೋ ಅವರದ್ದು.

ಅವರ ಟಿಕೆಟನ್ನು ಅದೇ ರಾತ್ರಿ ಮತ್ತೆ ತೆರೆದೆ, ಎಪಿಐ ಇಲ್ಲದೆ, ಕೈಯಾರೆ. ಸಮಯದ ಲೆಕ್ಕ ಸರಿಮಾಡಿದ್ದಾಯಿತು, ಹಳೆಯ ತಿಂಗಳುಗಳ ಗಂಟೆಗಳ ಪಟ್ಟಿಯೂ ಸಂಬಳ ವಿಭಾಗಕ್ಕೆ ಹೋಯಿತು. ಸ್ಕ್ರಿಪ್ಟ್ ಈಗಲೂ ಇದೆ. ಮುಚ್ಚುವ ಎರಡು ವಾರ ಮೊದಲು ಅದು ದೂರು ಕೊಟ್ಟವರಿಗೆ ಕಮೆಂಟ್ ಹಾಕುತ್ತದೆ: ಯಾಕೆ ಮುಚ್ಚುತ್ತಿದ್ದೇವೆ, ಸಮಸ್ಯೆ ಇನ್ನೂ ಇದ್ದರೆ ಏನು ಮಾಡಬೇಕು, ಯಾರನ್ನು ಕೇಳಬೇಕು. ಕೊನೆಯಲ್ಲಿ ನನ್ನ ಹೆಸರು. ಯಾರಾದರೂ ಉತ್ತರಿಸಿದರೆ ಅದು ಆ ಟಿಕೆಟನ್ನು ಮುಟ್ಟುವುದಿಲ್ಲ.

ಉಳಿದ ಟಿಕೆಟ್‌ಗಳನ್ನು ದಿನಕ್ಕೆ ಮೂವತ್ತರಂತೆ ಓದುತ್ತಿದ್ದೇನೆ. ಹೆಚ್ಚಿನವು ನಿಜಕ್ಕೂ ಹಳಸಿದವು. ಎಲ್ಲವೂ ಅಲ್ಲ. ನಿಮ್ಮ ಹೆಸರಿನ ಟೋಕನ್ ಯಾರ್ಯಾರಿಗೆ ಏನೇನು ಹೇಳಿದೆ, ಒಮ್ಮೆ ನೋಡ್ತೀರಾ?